ಮೂರನೇ ಓಟದವಳು

ನಾಲ್ಕು ಜನ ನೂರು ನೂರು ಮೀಟರ್ ಓಡುವ ರಿಲೇಯಲ್ಲಿ ಮೂರನೆಯವಳಾಗಿ ಓಡುವುದೆಂದರೆ ಏನು ಎಂದು ಹಂಗಾರಕಟ್ಟೆಯ ಜನಕ್ಕೆ ವಿವರಿಸಿ ಅಮಿತಾ ಸುಸ್ತಾಗಿದ್ದಾಳೆ. ಓಡಿ ಸುಸ್ತಾದದ್ದಕ್ಕಿಂತ ಇದರಲ್ಲೇ ಹೆಚ್ಚು. ಮೊದಲನೆಯವಳು ಪಿಸ್ತೂಲಿನ ಸದ್ದಿಗೆ ಹೊರಡುತ್ತಾಳೆ, ಟಿವಿಯವರು ಅವಳನ್ನು ತೋರಿಸುತ್ತಾರೆ. ಎರಡನೆಯವಳಿಗೆ ಉದ್ದಕ್ಕೂ ನೇರ ದಾರಿ. ನಾಲ್ಕನೆಯವಳು ಎದೆ ಚಾಚಿ ಗೆರೆ ದಾಟುತ್ತಾಳೆ, ಪೇಪರಿನವರು ಅವಳ ಫೋಟೊ ಹಾಕುತ್ತಾರೆ. ಮೂರನೆಯವಳ ಪಾಲಿಗೆ ಬರುವುದು ತಿರುವು, ಅದೂ ಕ್ರೀಡಾಂಗಣದ ಆಚೆ ಮೂಲೆಯದು. ಅಲ್ಲಿ ಪ್ರೇಕ್ಷಕರು ಕೂರುವುದಿಲ್ಲ. ಕೂತವರಿದ್ದರೂ ಕಡಲೆಕಾಯಿ ಸುಲಿಯುತ್ತಿರುತ್ತಾರೆ. ಇಷ್ಟೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ ಮೇಲೆ ಊರಿನವರು, ಹಾಗಾದರೆ ನೀನು ಥರ್ಡ್ ಬಂದದ್ದಾ ಎಂದು ವಿಚಾರಿಸುತ್ತಾರೆ.

ಅವಳು ತಿರುವಿನ ಓಟಗಾರ್ತಿಯಾದದ್ದಕ್ಕೆ ಶಾಲೆಯ ಮೈದಾನವೇ ಕಾರಣ. ಮೈದಾನ ಎಂದು ಫಲಕದಲ್ಲಿ ಬರೆದಿತ್ತು, ಆದ್ದರಿಂದ ಅದು ಮೈದಾನ. ಅರ್ಧಕ್ಕೆ ಅಂಗನವಾಡಿ ಕಟ್ಟಡ ಬಂದಿತ್ತು, ಉಳಿದರ್ಧದ ಅಂಚಿನಲ್ಲಿ ನೀರಿನ ಟ್ಯಾಂಕು ಬಂದಿತ್ತು. ನೂರು ಮೀಟರ್ ನೇರ ಓಡಲು ಹೊರಟವರು ಮುಕ್ಕಾಲು ದಾರಿಯಲ್ಲೇ ಕಾಂಪೌಂಡಿಗೆ ಡಿಕ್ಕಿ ಹೊಡೆಯಬೇಕಿತ್ತು. ಹಾಗಾಗಿ ದೈಹಿಕ ಶಿಕ್ಷಣದ ರವಿಚಂದ್ರ ಮಾಸ್ಟ್ರು ಮಕ್ಕಳನ್ನು ಟ್ಯಾಂಕಿನ ಸುತ್ತ ಓಡಿಸುತ್ತಿದ್ದರು. ಹುದ್ದೆ ದೈಹಿಕ ಶಿಕ್ಷಣದ್ದಾದರೂ ಚುನಾವಣೆ, ಗಣತಿ, ಬಿಸಿಯೂಟದ ಬೇಳೆ, ರಜೆ ಹಾಕಿದವರ ಕನ್ನಡ ಪಾಠ ಇವೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಅವರು ಸೀಟಿ ಊದಬೇಕಿತ್ತು. ಆ ಸ್ವಲ್ಪ ಹೊತ್ತಿನಲ್ಲೇ ಅವರು ಒಂದು ಸಂಗತಿ ಗಮನಿಸಿದರು. ಟ್ಯಾಂಕಿನ ತಿರುವಿಗೆ ಬಂದಾಗ ಬೇರೆ ಮಕ್ಕಳೆಲ್ಲ ನಿಧಾನ ಮಾಡುತ್ತಾರೆ, ಮೀನು ಮಾರುವ ಜಲಜಳ ಮಗಳು ಮಾತ್ರ ಎಡಕ್ಕೆ ವಾಲಿ ಇನ್ನೂ ಜೋರಾಗುತ್ತಾಳೆ.

ಅಮಿತಾಳ ಅಪ್ಪ ರಾಜೀವ ಬೋಟು ಕಟ್ಟುವ ಕೆಲಸದವನು. ಬ್ಯಾಟನ್ ಎಂಬುದೊಂದು ಬೇಕಂತೆ ಎಂದು ಮಗಳು ಹೇಳಿದಾಗ ಹಲಗೆಯ ತುಂಡೊಂದನ್ನು ಕೆತ್ತಿ, ಉಜ್ಜಿ, ಬೋಟಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ಬಳಿದು ಕೊಟ್ಟ. ಅದರಿಂದ ತಲೆಗೆ ಬಡಿದರೆ ಆಳು ಏಳುತ್ತಿರಲಿಲ್ಲ. ಜಲಜಳಿಗೆ ಓಟದ ಬಗ್ಗೆ ವಿರೋಧವೇನೂ ಇರಲಿಲ್ಲ, ಒಂದು ಸಂಶಯ ಮಾತ್ರ ಇತ್ತು. ಬ್ರಹ್ಮಾವರದ ಮಾರ್ಕೆಟ್ಟಿನಿಂದ ಬಂದು ಬುಟ್ಟಿ ತೊಳೆಯುತ್ತ ಒಂದು ಸಂಜೆ ಕೇಳಿಯೂ ಬಿಟ್ಟಳು.

"ಅಲ್ದಾ ಹೆಣೆ, ಅಷ್ಟ್ ಜೋರ್ ಓಡಿ ಎಲ್ಲಿಗ್ ಹೋಪುದ್? ಸುತ್ತ್ ತಿರ್ಗಿ ಕಡೆಗೆ ಅಲ್ಲಿಗೇ ಬಪ್ಪುದಲೆ."

ಅಮಿತಾ ತೊಳೆದ ಬುಟ್ಟಿಯನ್ನು ಗೋಡೆಗೆ ಒರಗಿಸಿಟ್ಟಳು.

ಆದರೂ ಅವಳು ಓಡಿ ಓಡಿ ತಾಲೂಕು ದಾಟಿದಳು, ಜಿಲ್ಲೆ ದಾಟಿದಳು, ಕಡೆಗೆ ದೂರದ ಒಂದು ಖಾಸಗಿ ಕಾಲೇಜಿನ ಹಾಸ್ಟೆಲ್ ಸೇರಿದಳು. ಅಲ್ಲಿ ಊಟ, ಮೊಟ್ಟೆ, ಶೂ ಎಲ್ಲ ಪುಕ್ಕಟೆ. ಬದಲಿಗೆ ಪ್ರತಿ ಜೂನಿನಲ್ಲಿ ಕಾಲೇಜಿನ ಜಾಹೀರಾತಿನಲ್ಲಿ ನಗಬೇಕು. ಅವಳ ರೂಮಿಗೆ ಬಂದವಳು ವಂಡ್ಸೆಯ ನವ್ಯಶ್ರೀ. ಗದ್ದೆ ಬೇಸಾಯದ ಮನೆಯವಳು, ಉದ್ದ ಕಾಲು, ಮಾತು ಕಡಿಮೆ, ನಿದ್ದೆ ಹೆಚ್ಚು. ನೇರ ದಾರಿಯಲ್ಲಿ ಅವಳನ್ನು ಹಿಡಿಯುವವರು ರಾಜ್ಯದಲ್ಲೇ ಇರಲಿಲ್ಲ. ಕೋಚ್ ಇಬ್ಬರನ್ನೂ ಮೂರನೆಯವಳು ನಾಲ್ಕನೆಯವಳು ಎಂದು ಜೋಡಿ ಮಾಡಿದರು. ಹಿಂದಿನವಳು ಬ್ಯಾಟನ್ ಚಾಚುವಾಗ ಮುಂದಿನವಳಿಗೆ ಕೂಗಿ ಹೇಳಬೇಕು. ಅವಳು ತಿರುಗಿ ನೋಡದೆ ಕೈ ಹಿಂದಕ್ಕೆ ಕೊಡಬೇಕು. ಎಲ್ಲ ತಂಡದವರೂ "ಹ್ಯಾಂಡ್" ಎಂದು ಕೂಗುವುದರಿಂದ ಎಂಟು ಲೇನಿನಲ್ಲಿ ಯಾರ ಕೂಗು ಯಾರದೆಂದು ತಿಳಿಯುತ್ತಿರಲಿಲ್ಲ. ಅಮಿತಾ ಊರ ಕಡೆ ಜನರನ್ನು ಕರೆಯುವಂತೆ "ಹ್ವಾಯ್" ಎಂದು ಕೂಗತೊಡಗಿದಳು. ಭಾರತದ ಬೇರಾವ ತಂಡವೂ ಹಾಗೆ ಕೂಗುವುದಿಲ್ಲವಾದ್ದರಿಂದ ನವ್ಯಶ್ರೀಗೆ ಎಂದೂ ಗೊಂದಲವಾಗಲಿಲ್ಲ. ಅವಳು ಅಭ್ಯಾಸದಲ್ಲಿ ಅಷ್ಟಾಗಿ ಮಾತಾಡುತ್ತಿರಲಿಲ್ಲ, ಆದರೆ ಬೆನ್ನ ಹಿಂದೆ ಬರುವ ಹೆಜ್ಜೆ ಅಮಿತಾಳದ್ದೇ ಎಂದು ಕಣ್ಣು ಮುಚ್ಚಿಯೂ ಹೇಳುತ್ತಿದ್ದಳು.

ಉತ್ತರದ ಯಾವುದೋ ಊರಿನಲ್ಲಿ ನಡೆದ ರಾಷ್ಟ್ರೀಯ ಕೂಟದಲ್ಲಿ ಕರ್ನಾಟಕದ ನಾಲ್ವರು ಚಿನ್ನ ಗೆದ್ದರು. ಮೊದಲಿಬ್ಬರು ಬಯಲುಸೀಮೆಯವರು, ಅವರು ಎರಡನೇ ಸ್ಥಾನದಲ್ಲಿ ತಂದು ಕೊಟ್ಟ ಬ್ಯಾಟನ್ನನ್ನು ತಿರುವಿನಲ್ಲಿ ಮುಂದಕ್ಕೆ ತಂದದ್ದು ಅಮಿತಾ. ಮರುದಿನದ ಪೇಪರಿನಲ್ಲಿ ನವ್ಯಶ್ರೀ ಎರಡೂ ಕೈ ಎತ್ತಿ ಗೆರೆ ದಾಟುವ ಫೋಟೊ ಬಂತು. ಹಿಂದೆ ದೂರದಲ್ಲಿ, ಬಾಗಿ ನಿಂತು ಉಸಿರು ಬಿಡುತ್ತಿರುವ ಯಾರದೋ ಒಂದು ಮೊಣಕೈ ಕಾಣುತ್ತಿತ್ತು. ಅದು ತನ್ನದೆಂದು ಅಮಿತಾ ಮನೆಯಲ್ಲಿ ಬೆರಳಿಟ್ಟು ತೋರಿಸಿದಳು. ಜಲಜ ಪೇಪರನ್ನು ಹತ್ತಿರ ಹಿಡಿದು, ದೂರ ಹಿಡಿದು, ಮೊಣಕೈ ಚೆನ್ನಾಗಿ ಬಂದಿದೆ ಎಂದಳು.

ಆಮೇಲೆ ಸನ್ಮಾನದ ಹಂಗಾಮು ಶುರುವಾಯಿತು. ಊರಿನ ಯುವಕ ಮಂಡಲಕ್ಕೆ ಅಧ್ಯಕ್ಷನಾಗಿದ್ದವನು ರಾಜೇಂದ್ರ. ಯುವಕನಾಗಿ ಅವನು ಬಹಳ ವರ್ಷ ಕಳೆದಿದ್ದ, ಮೊಮ್ಮಗ ಶಾಲೆಗೆ ಹೋಗುತ್ತಿದ್ದ. ಆದರೂ ಮಂಡಲ ಅವನನ್ನು ಬಿಟ್ಟಿರಲಿಲ್ಲ, ಅಥವಾ ಅವನು ಮಂಡಲವನ್ನು. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಎದ್ದಿತು. ಅದರಲ್ಲಿ ರಾಜೇಂದ್ರ ಆಳೆತ್ತರ ಕೈಮುಗಿದು ನಿಂತಿದ್ದ, ಸುತ್ತ ಪದಾಧಿಕಾರಿಗಳ ಮುಖಗಳಿದ್ದವು, ಕೆಳಗಿನ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಅಮಿತಾ ಇದ್ದಳು. ನೋಡಿದವರಿಗೆ ಚಿನ್ನ ಗೆದ್ದವನು ರಾಜೇಂದ್ರನೇ ಎಂದು ಅನ್ನಿಸಿದರೆ ಅದು ಅವರ ತಪ್ಪಲ್ಲ. ವೇದಿಕೆಯಲ್ಲಿ ಅವಳಿಗೆ ಶಾಲು ಹೊದೆಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು, ಅದರ ಮೇಲೆ ಫಲಕವನ್ನೂ ಇಟ್ಟರು. ಇಷ್ಟು ಭಾರ ಹೊತ್ತು ನಿಂತವಳ ಮುಂದೆ ಅತಿಥಿಗಳು ಒಬ್ಬರಾದ ಮೇಲೊಬ್ಬರು ಓಟದ ಮಹತ್ವದ ಬಗ್ಗೆ ಕೂತು ಯೋಚಿಸಿದ್ದನ್ನು ಹೇಳಿದರು. ಒಬ್ಬರು ಸಿಂಥೆಟಿಕ್ ಟ್ರ್ಯಾಕ್ ಮಾಡಿಸಿಕೊಡುವುದಾಗಿ ಘೋಷಿಸಿದರು. ಎಲ್ಲಿ ಎಂದು ರವಿಚಂದ್ರ ಮಾಸ್ಟ್ರು ಕೆಳಗಿನಿಂದ ಕೇಳಿದ್ದು ಚಪ್ಪಾಳೆಯಲ್ಲಿ ಮುಚ್ಚಿಹೋಯಿತು.

ನವ್ಯಶ್ರೀಯ ಕಡೆ ಇನ್ನೂ ರಂಪ. ವಂಡ್ಸೆ ತಮ್ಮದೆಂದು ಕುಂದಾಪುರದವರು, ತಮ್ಮದೆಂದು ಬೈಂದೂರಿನವರು ಹಟ ಹಿಡಿದು ಒಂದೇ ಭಾನುವಾರ ಎರಡು ಕಡೆ ಮೆರವಣಿಗೆ ಇಟ್ಟರು. ಅವಳು ಒಂದು ಜೀಪಿನಿಂದ ಇಳಿದು ಇನ್ನೊಂದು ಜೀಪು ಹತ್ತಿದಳು, ಎರಡರಲ್ಲೂ ನಿದ್ದೆಗಣ್ಣಿನಲ್ಲೇ ಕೈ ಬೀಸಿದಳು. ಆ ವರ್ಷವೇ ಅವಳ ಹಿಮ್ಮಡಿಯ ನರ ಉಬ್ಬಿತು. ನೋವಿದೆ ಎಂದು ಅವಳು ಅಮಿತಾಳಿಗೆ ಒಮ್ಮೆ ಹೇಳಿದ್ದು ಬಿಟ್ಟರೆ ಯಾರಿಗೂ ಹೇಳಲಿಲ್ಲ. ಮುಂದಿನ ರಾಷ್ಟ್ರೀಯ ಕೂಟದಲ್ಲೂ ಅದೇ ನಾಲ್ವರು ಓಡಿದರು, ಅದೇ ಚಿನ್ನ ಬಂತು. ಅದರ ಬಲದ ಮೇಲೆ ಅಮಿತಾಳಿಗೆ ಕ್ರೀಡಾ ಕೋಟಾದಲ್ಲಿ ಒಂದು ಸರಕಾರಿ ಕೆಲಸವೂ ಗೊತ್ತಾಯಿತು, ಆದೇಶ ಕೈಗೆ ಬರುವುದೊಂದೇ ಬಾಕಿ ಎಂದರು.

ಕೈಗೆ ಬಂದದ್ದು ಫೋನು. ಅಮ್ಮ ತಂದ ಬಂಗುಡೆಯನ್ನು ಅಮಿತಾ ಅಂಗಳದಲ್ಲಿ ಕೂತು ಹೆಚ್ಚುತ್ತಿದ್ದಾಗ ಒಬ್ಬ ವರದಿಗಾರ ಕರೆ ಮಾಡಿ, ನಿಮಗೆ ಹೇಗನ್ನಿಸುತ್ತಿದೆ ಎಂದು ಕೇಳಿದ. ಯಾವುದರ ಬಗ್ಗೆ ಎಂದು ಅವಳು ಕೇಳಿದಳು. ನವ್ಯಶ್ರೀಯ ಮೂತ್ರ ಪರೀಕ್ಷೆಯಲ್ಲಿ ನಿಷೇಧಿತ ಔಷಧ ಸಿಕ್ಕಿದೆ, ನಾಲ್ವರ ಈ ಸಲದ ಚಿನ್ನವೂ ರದ್ದಾಗಿದೆ ಎಂದು ಆತ ಬಹಳ ಮರ್ಯಾದೆಯಿಂದ ತಿಳಿಸಿ, ಮತ್ತೆ ಹೇಗನ್ನಿಸುತ್ತಿದೆ ಎಂದು ಕೇಳಿದ. ಅವಳು ಮೀನಿನ ಕೈಯಲ್ಲೇ ಫೋನು ಆಫ್ ಮಾಡಿದಳು.

ರಿಲೇ ಎಂದರೇನೆಂದು ಊರಿಗೆ ಅಂದು ಚೆನ್ನಾಗಿ ಅರ್ಥವಾಯಿತು. ಗೆದ್ದಾಗ ಗೆದ್ದವಳು ನಾಲ್ಕನೆಯವಳೊಬ್ಬಳೇ, ಸಿಕ್ಕಿಬಿದ್ದಾಗ ನಾಲ್ವರೂ. ಒಂದೇ ರೂಮಿನಲ್ಲಿದ್ದವರಂತೆ, ಒಂದೇ ತಟ್ಟೆಯಲ್ಲಿ ಉಂಡವರಂತೆ, ಇವಳಿಗೆ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ ಎಂದು ಮಾರ್ಕೆಟ್ಟಿನಲ್ಲಿ, ಜೆಟ್ಟಿಯಲ್ಲಿ, ಕ್ಷೌರದಂಗಡಿಯಲ್ಲಿ ಚರ್ಚೆಯಾಯಿತು. ಅವಳ ಓಟ ನೋಡಿದಾಗಲೇ ತನಗೆ ಅನುಮಾನ ಬಂದಿತ್ತು ಎಂದವರಲ್ಲಿ ಅವಳ ಓಟ ನೋಡಿದವರು ಒಬ್ಬರೂ ಇರಲಿಲ್ಲ. ಯುವಕ ಮಂಡಲದವರು ಬಸ್ ಸ್ಟ್ಯಾಂಡಿನ ಫ್ಲೆಕ್ಸನ್ನು ಸಂಜೆಯೊಳಗೆ ಇಳಿಸಿದರು. ಮೂರು ವರ್ಷದ ಹಿಂದಿನ ಮೊಸರು ಕುಡಿಕೆ ಹಬ್ಬದ ಫ್ಲೆಕ್ಸು ಅದರ ಪಕ್ಕದಲ್ಲೇ ನೇತಾಡುತ್ತಿತ್ತು, ಅದಕ್ಕೆ ಮಾತ್ರ ಈ ಚುರುಕು ತಗುಲಲಿಲ್ಲ.

ಕೆಲಸದ ಆದೇಶ ನಿಂತುಹೋಯಿತು. ಪದಕ ವಾಪಸು ಕೊಡಬೇಕೆಂದು ಸೂಚನೆ ಬಂದಾಗ ಅಮಿತಾ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ರಾಜಧಾನಿಯ ಕಚೇರಿಗೆ ಹೋದಳು. ಅಲ್ಲಿಯ ಗುಮಾಸ್ತ ತಲೆ ಕೆರೆದುಕೊಂಡ. ಪದಕ ಕೊಡುವುದಕ್ಕೆ ಪದ್ಧತಿ ಇದೆ, ತೆಗೆದುಕೊಳ್ಳುವುದಕ್ಕೆ ಇನ್ನೂ ಮಾಡಿಲ್ಲ ಎಂದ. ಕಡೆಗೆ ಅವಳು ಅದನ್ನು ಅವನ ಮೇಜಿನ ಮೇಲೆ ಟೀ ಲೋಟದ ಪಕ್ಕ ಇಟ್ಟು ಬಂದಳು.

ಊರಿಗೆ ಬಂದ ಮಾರನೆಯ ದಿನ ಅವಳು ವಂಡ್ಸೆಗೆ ಹೊರಟಳು. ಬ್ರಹ್ಮಾವರದಲ್ಲಿ ಒಂದು ಬಸ್, ಕುಂದಾಪುರದಲ್ಲಿ ಕೊಲ್ಲೂರಿನ ಕಡೆಯ ಇನ್ನೊಂದು ಬಸ್. ದಾರಿಯುದ್ದಕ್ಕೂ ಅವಳು ಬೈಗುಳವನ್ನು ಜೋಡಿಸುತ್ತಿದ್ದಳು. ಬೇಕೆಂದು ಮಾಡಿದ್ದಲ್ಲ, ಯಾರೋ ಪುಡಿ ಬೆರೆಸಿದರು ಎಂದು ನವ್ಯಶ್ರೀ ಅಳುತ್ತಾಳೆ, ಆಗ ತಾನು ಹೀಗೆನ್ನಬೇಕು. ಅಮ್ಮನನ್ನು ಮುಂದೆ ಬಿಡುತ್ತಾಳೆ, ಆಗ ಹಾಗೆನ್ನಬೇಕು. ನವ್ಯಶ್ರೀ ಮನೆಯ ಹಿಂದೆ ದನಕ್ಕೆ ಹುಲ್ಲು ಹಾಕುತ್ತಿದ್ದಳು. ಅಳಲಿಲ್ಲ. ಅಮ್ಮನನ್ನೂ ಕರೆಯಲಿಲ್ಲ.

"ನಿಂಗ್ ಗೊತ್ತಿದ್ದಿತ್ತಾ?" ಅಮಿತಾ ಕೇಳಿದಳು.

"ಗೊತ್ತಿದ್ದಿತ್ತ್," ಎಂದಳು ನವ್ಯಶ್ರೀ. "ಪೇಪರಿನೋರ್ ಹತ್ರ ಗೊತ್ತಿಲ್ಲ ಅಂದೆ. ನಿನ್ ಹತ್ರ ಹಾಂಗ್ ಹೇಳುಕ್ ಆತಿಲ್ಲ."

ಎರಡು ಬಸ್ಸಿನಲ್ಲಿ ಜೋಡಿಸಿದ್ದೆಲ್ಲ ವ್ಯರ್ಥವಾಯಿತು. ಗೊತ್ತಿರಲಿಲ್ಲ ಎನ್ನುವವಳಿಗೆ ಬೈಯಲು ಅಮಿತಾ ಸಿದ್ಧಳಾಗಿ ಬಂದಿದ್ದಳು, ಗೊತ್ತಿತ್ತು ಎನ್ನುವವಳಿಗೆ ಏನು ಬೈಯಬೇಕೆಂದು ತೋಚಲಿಲ್ಲ. ನವ್ಯಶ್ರೀಯ ಅಮ್ಮ ತಲೆ ತಗ್ಗಿಸಿಕೊಂಡು ಬಂದು ಊಟಕ್ಕೆ ಕರೆದರು. ಹಸಿವು ಸಿಟ್ಟಿನ ಮಾತು ಕೇಳಲಿಲ್ಲ. ಅವಳು ಕೂತು ಉಂಡಳು, ಎರಡನೇ ಸಲ ಅನ್ನವನ್ನೂ ಹಾಕಿಸಿಕೊಂಡಳು, ಎದ್ದು ಕೈ ತೊಳೆದು ಬಸ್ಸಿಗೆ ನಡೆದಳು. ಆಮೇಲೆ ಇಬ್ಬರ ನಡುವೆ ಮಾತು ನಿಂತಿತು.

ನವ್ಯಶ್ರೀಗೆ ಕೆಲವು ವರ್ಷ ಓಡಬಾರದೆಂದು ನಿಷೇಧ ಬಿತ್ತು. ಅಮಿತಾಳಿಗೆ ಓಡಬಾರದೆಂದು ಯಾರೂ ಹೇಳಲಿಲ್ಲ, ಓಡು ಎಂದೂ ಹೇಳಲಿಲ್ಲ. ಅವಳು ಒಂದು ಖಾಸಗಿ ಶಾಲೆಯಲ್ಲಿ ತಾತ್ಕಾಲಿಕವಾಗಿ ಆಟ ಆಡಿಸುವ ಕೆಲಸ ಹಿಡಿದು, ಬೆಳಿಗ್ಗೆ ಸಂಜೆ ತನ್ನ ಪಾಡಿಗೆ ಅಭ್ಯಾಸ ಮಾಡಿದಳು. ರವಿಚಂದ್ರ ಮಾಸ್ಟ್ರು ನಿವೃತ್ತರಾಗಿದ್ದರು, ಅಂದರೆ ಅವರಿಗೆ ಜೀವಮಾನದಲ್ಲಿ ಮೊದಲ ಸಲ ಸೀಟಿ ಊದಲು ಪುರುಸೊತ್ತು ಸಿಕ್ಕಿತ್ತು. ವರ್ಷ ವರ್ಷವೂ ಅವಳಿಗೆ ರಾಜ್ಯ ತಂಡದಲ್ಲಿ ಜಾಗ ಸಿಗುತ್ತಲೇ ಇತ್ತು. ಹೊಸ ಹುಡುಗಿಯರಿಗೆಲ್ಲ ಫೋಟೊ ಬರುವ ಜಾಗವೇ ಬೇಕು, ತಿರುವು ಯಾರಿಗೂ ಬೇಡ. ಅವಳು ಬ್ಯಾಟನ್ ಕೊಡುವ ನಾಲ್ಕನೆಯವರು ಮಾತ್ರ ಪ್ರತಿ ವರ್ಷ ಬದಲಾದರು. ಪದಕವೊಂದೂ ಬರಲಿಲ್ಲ.

ನಿಷೇಧ ಮುಗಿದ ವರ್ಷ ಆಯ್ಕೆಯ ಓಟಕ್ಕೆ ನವ್ಯಶ್ರೀ ಬಂದಳು. ಮೊದಲಿನ ಓಟ ಇರಲಿಲ್ಲ. ಆದರೂ ತಂಡಕ್ಕೆ ಸಾಲುವಷ್ಟು ಇತ್ತು, ಕೋಚ್ ಹಳೆಯ ಜೋಡಿಯನ್ನೇ ಮತ್ತೆ ನಿಲ್ಲಿಸಿದರು. ಅಷ್ಟು ವರ್ಷ ರಿಲೇ ಎಂದರೆ ಹವಾಮಾನ ವರದಿಯ ಕೆಳಗೆ ಎರಡು ಸಾಲು ಹಾಕುತ್ತಿದ್ದ ಪತ್ರಿಕೆಗಳಿಗೆ ತಟ್ಟನೆ ರಿಲೇಯ ಮೇಲೆ ಪ್ರೀತಿ ಉಕ್ಕಿತು. ಮೋಸ ಹೋದವಳು ಮೋಸ ಮಾಡಿದವಳಿಗೆ ಬ್ಯಾಟನ್ ಕೊಡುವಳೇ ಎಂದು ಒಬ್ಬ ಬರೆದ. ಕೊಡದೆ ಅದನ್ನು ಮನೆಗೆ ಒಯ್ಯುತ್ತಾಳೆಯೇ ಎಂದು ರವಿಚಂದ್ರ ಮಾಸ್ಟ್ರು ಸಿಡುಕಿದರು.

ಆದರೆ ಅಭ್ಯಾಸದಲ್ಲಿ ಅದು ನಿಜಕ್ಕೂ ಕೈತಪ್ಪುತ್ತಿತ್ತು. ಮಾತಿಲ್ಲದ ಇಬ್ಬರ ನಡುವೆ ಕೂಗೂ ಸರಿಯಾಗಿ ಹೊರಡುತ್ತಿರಲಿಲ್ಲ. ತಂಡದ ಶಿಬಿರದಿಂದ ರಜೆಗೆಂದು ಮನೆಗೆ ಬಂದ ಅಮಿತಾ, ತಂಡವನ್ನೇ ಬಿಡುತ್ತೇನೆ, ಅವಳ ಮುಖ ನೋಡಲಾರೆ ಎಂದು ಅಮ್ಮನ ಹತ್ತಿರ ಹೇಳಿಕೊಂಡಳು. ಜಲಜ ಮಾರ್ಕೆಟ್ಟಿನಲ್ಲಿ ತನ್ನ ಪಕ್ಕ ಕೂತು ಮೀನು ಮಾರುವ ಬಾಗಿಯ ಸುದ್ದಿ ತೆಗೆದಳು. ಯಾವುದೋ ಕಾಲದಲ್ಲಿ ಒಂದು ಬುಟ್ಟಿ ಅಂಜಲ್ ಮೀನಿನ ವಿಷಯಕ್ಕೆ ಅವರಿಬ್ಬರಿಗೆ ಜಗಳವಾಗಿತ್ತು.

"ನಾನೂ ಬಾಗಿಯೂ ಮಾತ್ ಬಿಟ್ಟ್ ಎಷ್ಟ್ ವರ್ಷ ಆಯ್ತ್. ಅವ್ಳ್ ಐಸ್ ಕರ್ಗಿರೆ ನಾ ಕೊಡ್ತೆ, ನಂದ್ ಕರ್ಗಿರೆ ಅವ್ಳ್. ಮೀನ್ ಹಾಳ್ ಮಾಡ್ಕಣುದ್ ಎಂತಕೆ? ಮುಖ ಕಾಣುದ್ ಬ್ಯಾಡ, ನಿಂಗ್ ಕಾಂಬುಕೆ ಬೆನ್ನೇ ಇತ್ತಲೆ."

ಬೆನ್ನು ಎಂದದ್ದು ಅಮಿತಾಳಿಗೆ ಸರಿ ಎನಿಸಿತು. ಯೋಚಿಸಿದರೆ, ಓಟದಲ್ಲಿ ಅವಳು ನವ್ಯಶ್ರೀಯ ಮುಖವನ್ನು ಎಂದೂ ನೋಡಿದವಳೇ ಅಲ್ಲ.

ಕೂಟದ ದಿನ ಸಣ್ಣ ಮಳೆ. ಅಮಿತಾಳಿಗೆ ಬ್ಯಾಟನ್ ಸಿಕ್ಕಾಗ ತಂಡ ಐದನೆಯದೋ ಆರನೆಯದೋ. ಅವಳು ಎಡಕ್ಕೆ ವಾಲಿ ತಿರುವಿಗೆ ಬಿದ್ದಳು, ಹೊರಗಿನ ಲೇನಿನವರನ್ನು ಒಬ್ಬೊಬ್ಬರಾಗಿ ಹಿಡಿದಳು. ಮುಂದೆ ನವ್ಯಶ್ರೀ ಬೆನ್ನು ತೋರಿಸಿ ಹೊರಟದ್ದು ಕಂಡಿತು. ಹೊರಟ ಜಾಗ ಸರಿ, ಜೋರು ಮಾತ್ರ ಸಾಲದು. ಇನ್ನೆರಡು ಹೆಜ್ಜೆ ಇಟ್ಟರೆ ಅವಳ ಬೆನ್ನಿಗೇ ಬೀಳುವಂತಾಯಿತು. ಸಿಟ್ಟು, ಪತ್ರಿಕೆ, ಬಾಗಿಯ ಐಸು ಯಾವುದೂ ಆಗ ತಲೆಯಲ್ಲಿರಲಿಲ್ಲ. ಬಾಯಿಂದ ತಾನಾಗಿ "ಹ್ವಾಯ್" ಎಂದು ಹೊರಟಿತು, ಎದುರಿನ ಕೈ ಹಿಂದಕ್ಕೆ ಬಂತು, ಒದ್ದೆ ಬ್ಯಾಟನ್ ಆ ಅಂಗೈಯಲ್ಲಿ ಕೂತಿತು. ಮೂರನೇ ಸ್ಥಾನ ಬಂತು, ಕಂಚು. ಈ ಸಲ ಊರಿನವರಿಗೆ ವಿವರಣೆ ಸುಲಭ ಎಂದು ಅಮಿತಾ ಲೆಕ್ಕ ಹಾಕುತ್ತ ನಿಂತಿದ್ದಾಗ, ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡ ಒಬ್ಬ ಹೆಂಗಸು ಬಂದು ಅವಳ ಭುಜ ಮುಟ್ಟಿದಳು. ನಿಷೇಧಿತ ಔಷಧದ ಪರೀಕ್ಷೆಗೆ ಚೀಟಿ ಎತ್ತಿದ್ದರಲ್ಲಿ ನಾಲ್ವರ ಪೈಕಿ ಬಂದದ್ದು ಅಮಿತಾಳ ಹೆಸರು.

ನ್ಯಾಯದ ಚೀಟಿ ಹಾಗೆಯೇ ಬರುತ್ತದೆ. ಜೊತೆಗೊಬ್ಬರನ್ನು ಕರೆದುಕೊಂಡು ಬರಬಹುದು ಎಂದರು. ಕೋಚ್ ಎಲ್ಲೋ ಫೋಟೊಕ್ಕೆ ಹೋಗಿದ್ದರು, ಉಳಿದ ಹುಡುಗಿಯರು ಬಸ್ಸಿನಲ್ಲಿದ್ದರು, ಎದುರಿಗಿದ್ದವಳು ನವ್ಯಶ್ರೀ ಒಬ್ಬಳೇ. ಅವಳು ಅಮಿತಾಳ ಚೀಲ ಎತ್ತಿಕೊಂಡು ಮುಂದೆ ನಡೆದಳು. ಆ ಕೋಣೆಯ ನಿಯಮಗಳನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಇಡೀ ತಂಡದಲ್ಲಿ ಇರಲಿಲ್ಲ. ಸೀಲು ಒಡೆಯದ ನೀರಿನ ಬಾಟಲಿಯನ್ನೇ ಕುಡಿ, ಡಬ್ಬಿಯನ್ನು ನೀನೇ ಆರಿಸು, ಮುಚ್ಚಳ ನೀನೇ ಹಾಕು ಎಂದು ಒಂದೊಂದನ್ನೂ ತಿಳಿಸಿ ಹೇಳಿದಳು. ಅಧಿಕಾರಿ ಹೆಂಗಸು ಮೆಚ್ಚಿ ತಲೆಯಾಡಿಸಿದಳು.

ಆದರೆ ಕಣ್ಣೆದುರು ಒಬ್ಬರು ನಿಂತು ನೋಡುತ್ತಿದ್ದರೆ ಮೂತ್ರ ಬರುವುದು ಅಷ್ಟು ಸುಲಭವಲ್ಲ. ಅಮಿತಾ ಬಾಟಲಿ ಮೇಲೆ ಬಾಟಲಿ ಕುಡಿದು ಬೆಂಚಿನ ಮೇಲೆ ಕೂತಳು. ನವ್ಯಶ್ರೀ ಪಕ್ಕದಲ್ಲಿ ಕೂತಳು. ಗೋಡೆ ನೋಡುತ್ತ ಅವಳೇ ಬಾಯಿ ಬಿಟ್ಟಳು.

"ಕಾಲ್ ನೋವಾಯಿ, ನೀ ಬಪ್ಪ ಸ್ಪೀಡಿಗೆ ನಂಗ್ ಹೊರಡುಕೇ ಆತಿರ್ಲಿಲ್ಲ. ನೀ ಹಿಂದಿಂದ ಬಪ್ದ್ ಕೇಂಡ್ರೆ ಹೆದ್ರಿಕೆ ಆತಿದ್ದಿತ್. ನಿಧಾನ ಆದ್ರೆ ಜಾಗ ಬೇರೆವ್ರಿಗ್ ಕೊಡ್ತ್ರ್ ಅಂದೇಳಿ ಆ ಮದ್ದ್ ತಕಂಡೆ."

ಅಮಿತಾ ಇದನ್ನು ನಿಧಾನವಾಗಿ ಒಳಗೆ ಇಳಿಸಿಕೊಂಡಳು. ಇಷ್ಟು ವರ್ಷಗಳಲ್ಲಿ, ಅಷ್ಟೊಂದು ಅತಿಥಿಗಳ ಭಾಷಣಗಳಲ್ಲಿ, ಅವಳ ತಿರುವಿನ ಓಟ ಜೋರಿನದೆಂದು ಹೇಳಿದವರು ಯಾರೂ ಇರಲಿಲ್ಲ. ಮೊದಲ ಸಲ ಒಬ್ಬರು ಹೊಗಳಿದ್ದರು, ಅದೂ ಅವಳ ಚಿನ್ನ ಹೋಗಲು ಅದೇ ಕಾರಣ ಎಂದು. ಅವಳಿಗೆ ಅಳು ಬರಬೇಕೋ ಸಂತೋಷವಾಗಬೇಕೋ ತಿಳಿಯಲಿಲ್ಲ.

"ಅದನ್ ಅವತ್ತೇ ಹೇಳುಕ್ ಆತಿರ್ಲಿಲ್ಯಾ?" ಎಂದಳು. "ನಾ ಚೂರ್ ನಿಧಾನ ಬತ್ತಿದ್ದೆ."

ನವ್ಯಶ್ರೀ ತಿರುಗಿ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಅಧಿಕಾರಿ ಹೆಂಗಸಿಗೆ ಅನುಮಾನ ಬಂದು ಕುರ್ಚಿಯಿಂದ ಎದ್ದಳು. ಅಷ್ಟರಲ್ಲಿ ಅಮಿತಾ ಹೊಟ್ಟೆ ಹಿಡಿದುಕೊಂಡು, ಈಗ ಬರುತ್ತದೆ ಎಂದು ಡಬ್ಬಿ ತೆಗೆದುಕೊಂಡು ಓಡಿದಳು. ಆ ವರ್ಷದ ಅವಳ ಅತ್ಯಂತ ಚುರುಕಾದ ಓಟ ಅದೇ ಇರಬೇಕು, ಆದರೆ ಅದನ್ನು ಅಳೆದವರಿಲ್ಲ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಏನೂ ಸಿಗದ್ದು ಸುದ್ದಿಯಲ್ಲವಾದ್ದರಿಂದ ಯಾವ ವರದಿಗಾರನೂ ಫೋನು ಮಾಡಲಿಲ್ಲ.

ಆ ಹಂಗಾಮಿನ ಕೊನೆಗೆ ಇಬ್ಬರೂ ಓಟ ಬಿಟ್ಟರು. ಅಮಿತಾ ಪದಕಗಳ ಆಸೆ ಕೈಬಿಟ್ಟು ಎಲ್ಲರಂತೆ ಓದಿ, ಎಲ್ಲರಂತೆ ಪರೀಕ್ಷೆ ಬರೆದು ದೈಹಿಕ ಶಿಕ್ಷಣದ ಶಿಕ್ಷಕಿಯಾದಳು. ಈಗ ಬಸ್ರೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿದ್ದಾಳೆ. ಕಳೆದ ಚುನಾವಣೆಯಲ್ಲಿ ಅವಳಿಗೂ ಡ್ಯೂಟಿ ಬಿದ್ದಿತ್ತು. ನವ್ಯಶ್ರೀ ಮನೆಯ ಗದ್ದೆ ನೋಡಿಕೊಂಡಿದ್ದಾಳೆ. ಶನಿವಾರ ಮಾತ್ರ ವಂಡ್ಸೆಯಿಂದ ಸ್ಕೂಟರಿನಲ್ಲಿ ಬಂದು ಅಮಿತಾಳ ಹುಡುಗಿಯರಿಗೆ ಓಟ ಹೊರಡುವುದನ್ನು ಕಲಿಸುತ್ತಾಳೆ.

ಇದಕ್ಕೆ ಆಕ್ಷೇಪ ಬರಲಿಲ್ಲವೆಂದಲ್ಲ. ಹಳೆಯ ಸುದ್ದಿಯನ್ನು ಮೊಬೈಲಿನಲ್ಲಿ ಹುಡುಕಿ ತೆಗೆದ ಒಬ್ಬ ತಂದೆ ಶಾಲೆಗೇ ಬಂದು, ಸಿಕ್ಕಿಬಿದ್ದವಳ ಕೈಯಲ್ಲಿ ನಮ್ಮ ಮಕ್ಕಳನ್ನು ಕೊಟ್ಟಿದ್ದೀರಲ್ಲ, ಅವಳು ಏನು ಕಲಿಸಿಯಾಳು ಎಂದು ಹೆಡ್‌ಮಾಸ್ಟರ ಮುಂದೆ ಕೂಗಾಡಿದ. ಹೆಡ್‌ಮಾಸ್ಟರು ಅಮಿತಾಳನ್ನು ಕರೆಸಿದರು. ಅವಳು ಆತನ ಮಾತು ಪೂರ್ತಿ ಕೇಳಿದಳು.

"ಎಂತ ತಿಂಬುಕಾಗ ಅಂದೇಳಿ ಅವ್ಳಿಗಿಂತ ಚೆಂದ ಯಾರಿಗ್ ಗೊತ್ತಿತ್ತ್ ಹೇಳಿ?" ಎಂದಳು.

ತಿನ್ನಬಾರದ್ದರ ಪಾಠವೇ ಬೇಡವೆಂದು ಆತ ಮಗಳನ್ನು ಓಟದಿಂದ ಬಿಡಿಸಿ ಚೆಸ್ಸಿಗೆ ಸೇರಿಸಿದ. ಉಳಿದ ಹುಡುಗಿಯರು ಶನಿವಾರ ನವ್ಯಶ್ರೀಯ ಸ್ಕೂಟರು ಬರುವ ಮೊದಲೇ ಬಂದು ಸುಣ್ಣದ ಪುಡಿಯಿಂದ ಗೆರೆ ಹಾಕಿಟ್ಟಿರುತ್ತಾರೆ.